ಬಾವಲಿ ಪೆಟ್ಟಿಗೆಯಲ್ಲಿ ಏನೇನಿರಬೇಕು?

ಬೆಂಗಳೂರಿನಲ್ಲಿ ರೆಕ್ಕೆ ಹರಿದ ಬಾವಲಿಯೊಂದು ಸಿಕ್ಕರೆ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ. ಕಾಡುಪ್ರಾಣಿಗಳನ್ನೇ ನೋಡೋ ಡಾಕ್ಟರುಗಳು ಅಲ್ಲಿದ್ದಾರೆ. ಅದೇ ಬಾವಲಿ ಕಡೂರಿನ ಹೊಲದ ಮುಳ್ಳುತಂತಿಯಲ್ಲೋ, ತರೀಕೆರೆಯ ಅಡಿಕೆ ತೋಟದಲ್ಲೋ, ಅಜ್ಜಂಪುರದ ದಾಳಿಂಬೆ ಬಲೆಯಲ್ಲೋ ಸಿಕ್ಕಿಹಾಕಿಕೊಂಡರೆ? ನಮ್ಮ ತಾಲ್ಲೂಕು ಪಶು ಆಸ್ಪತ್ರೆಗಳಿಗೆ ಹಸು, ಎಮ್ಮೆ, ಕುರಿ ನೋಡಿಯೇ ಸಾಕಾಗಿರತ್ತೆ. ಹತ್ತಿರದ ದೊಡ್ಡ ಜಾಗ ಅಂದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು. ಕಡೂರಿನಿಂದ ಬೀರೂರು, ತರೀಕೆರೆ, ಭದ್ರಾವತಿ ದಾಟಿ ರಾಷ್ಟ್ರೀಯ ಹೆದ್ದಾರಿ 69ರಲ್ಲಿ ಅಲ್ಲಿಗೆ 60 ಕಿಲೋಮೀಟರ್ ಚಿಲ್ಲರೆ.

ನಮ್ಮ ಕ್ಲಬ್ಬಿನಲ್ಲಿ ಈ ಮೂರೂ ತಾಲ್ಲೂಕಿನವರು ಇದ್ದೇವೆ. ಬಾವಲಿ ರಕ್ಷಣೆಗೆ ಏನು ಸಾಮಾನು ಬೇಕು ಅಂತ ಓದೋಕೆ ಶುರು ಮಾಡಿದಾಗ ಹೊರದೇಶದ ದೊಡ್ಡ ದೊಡ್ಡ ಪಟ್ಟಿಗಳು ಸಿಕ್ಕವು. ಇನ್‌ಕ್ಯುಬೇಟರ್, ಹಾರಾಟ ಕಲಿಸೋ ದೊಡ್ಡ ಪಂಜರ, ಅರಿವಳಿಕೆ ಯಂತ್ರ, ಹೀಗೆ. ಅದೆಲ್ಲ ಆಸ್ಪತ್ರೆಯ ಸಾಮಾನು. ನಮ್ಮ ಊರಿನ ಲೆಕ್ಕ ಬೇರೆ. ಇಲ್ಲಿ ಬಾವಲಿ ಸಾಯೋದು ಬಹಳ ಸಲ ಗಾಯದಿಂದಲ್ಲ, ಗಾಯ ಆದ ಜಾಗಕ್ಕೂ ಡಾಕ್ಟರಿಗೂ ನಡುವೆ ಇರೋ ಆ ಕೆಲವು ಗಂಟೆಗಳಲ್ಲಿ: ಬಿಸಿಲಲ್ಲಿ ಬಿದ್ದು, ನಾಯಿ ಬಾಯಿಗೆ ಸಿಕ್ಕು, ಜನ ಸುತ್ತ ನಿಂತು ಫೋಟೋ ತೆಗೆದು, ಅಥವಾ ಯಾರೋ ಕನಿಕರದಿಂದ ಬಾಯಿಗೆ ಹಾಲು ಸುರಿದು. ಆ ಗಂಟೆಗಳನ್ನು ದಾಟಿಸೋಕೆ ಬೇಕಾದ ಸಾಮಾನು ಮಾತ್ರ ಈ ಲೇಖನದ ವಿಷಯ. ಅದು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಿಡಿಯತ್ತೆ, ಮುಕ್ಕಾಲು ಪಾಲು ಮನೆಯಲ್ಲೇ ಇರತ್ತೆ.

ಯಾವ ಬಾವಲಿ, ಯಾಕೆ ಬೀಳತ್ತೆ

ಸಾಮಾನು ಆರಿಸೋ ಮುಂಚೆ ಪ್ರಾಣಿ ಯಾವುದು ಅಂತ ಗೊತ್ತಿರಬೇಕು. ನಮ್ಮ ಕಡೆ ಕೈಗೆ ಸಿಗೋದು ಮುಖ್ಯವಾಗಿ ಮೂರು ಗಾತ್ರದವು. ಮೊದಲನೆಯದು ಊರ ಹೊರಗಿನ ಆಲದ ಮರ, ಹುಣಸೆ ಮರಗಳಲ್ಲಿ ಹಗಲೆಲ್ಲ ಗುಂಪಾಗಿ ತೂಗುವ ದೊಡ್ಡ ಹಣ್ಣು ಬಾವಲಿ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ 1.2 ಮೀಟರಿನ ಮೇಲೆ, ತೂಕ ಒಂದು ಕಿಲೋ ಆಸುಪಾಸು. ಎರಡನೆಯದು ಬಾಳೆ, ಅಡಿಕೆ, ಸೀಬೆ ತೋಟಗಳಲ್ಲಿ ಸುತ್ತೋ ಮೊಂಡು ಮೂಗಿನ ಸಣ್ಣ ಹಣ್ಣು ಬಾವಲಿ, 50 ಗ್ರಾಂ ಅಂದುಕೊಳ್ಳಿ. ತಾಳೆ ಜಾತಿಯ ಎಲೆಗಳನ್ನು ಕಚ್ಚಿ ಬಗ್ಗಿಸಿ ಗುಡಾರದ ಹಾಗೆ ಮಾಡಿಕೊಂಡು ಅದರೊಳಗೆ ಇರತ್ತೆ. ಮೂರನೆಯದು ಹಂಚಿನ ಸಂದಿ, ಹಳೇ ಗುಡಿ, ಕಿಟಕಿಯ ಮರೆಯಲ್ಲಿ ಇರೋ ಹುಳ ತಿನ್ನುವ ಬಾವಲಿಗಳು. ಅವುಗಳಲ್ಲಿ ಕೆಲವು 5 ಗ್ರಾಂ ಕೂಡ ತೂಗಲ್ಲ. ಹೊಸ ಐದು ರೂಪಾಯಿ ನಾಣ್ಯಕ್ಕಿಂತ ಹಗುರ.

ತರೀಕೆರೆ ಕಡೆಯ ತೋಟದವರಿಗೆ ಹಣ್ಣು ಬಾವಲಿ ಜೊತೆ ಹಳೇ ಸಂಬಂಧ. ಮರದಲ್ಲೇ ಹಣ್ಣಾದ ಅಡಿಕೆಯ ಸಿಹಿ ಸಿಪ್ಪೆಯನ್ನು ಅಗಿದು ರಸ ಹೀರಿ, ಒಳಗಿನ ಅಡಿಕೆಯನ್ನು ಅದು ಬೀಳಿಸಿ ಹೋಗತ್ತೆ. ಬೆಳಗ್ಗೆ ಎದ್ದು ಮರದ ಬುಡದಲ್ಲಿ ಬಿದ್ದ ಅಡಿಕೆ ಆರಿಸಿಕೊಳ್ಳೋರೂ ಇದ್ದಾರೆ, ಬಾವಲಿಗೆ ಶಾಪ ಹಾಕೋರೂ ಇದ್ದಾರೆ. ಒಬ್ಬರೇ ಎರಡನ್ನೂ ಮಾಡೋದನ್ನು ನಾವು ನೋಡಿದ್ದೇವೆ. ಆಲ, ಅತ್ತಿ, ನೇರಳೆ ಬೀಜಗಳನ್ನು ದೂರದೂರಕ್ಕೆ ಸಾಗಿಸೋದು, ಹಿಪ್ಪೆ ಮತ್ತು ಬೂರುಗದ ಹೂವಿಗೆ ರಾತ್ರಿ ಪರಾಗಸ್ಪರ್ಶ ಮಾಡೋದು ಇವೇ.

ಇಷ್ಟಾದರೂ ಕಾನೂನಿನಲ್ಲಿ ಹಣ್ಣು ಬಾವಲಿ ಇದ್ದದ್ದು ಇಲಿ, ಕಾಗೆಗಳ ಸಾಲಿನಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೇ ಅನುಸೂಚಿ ಅಂದರೆ ಉಪದ್ರವಿ ಪ್ರಾಣಿಗಳ ಪಟ್ಟಿ. ಕಡೂರು ತಾಲ್ಲೂಕಿನ ಬಾಸೂರು ಅಮೃತ್ ಮಹಲ್ ಕಾವಲಿನ ಕೃಷ್ಣಮೃಗಕ್ಕೆ ಪೂರ್ತಿ ರಕ್ಷಣೆ ಇದ್ದ ಕಾಲದಲ್ಲೇ, ಅದರ ತಲೆ ಮೇಲೆ ಹಾರೋ ಹಣ್ಣು ಬಾವಲಿಯನ್ನು ಯಾರು ಕೊಂದರೂ ಕೇಳೋರಿರಲಿಲ್ಲ. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಈ ಬದಲಾವಣೆಯಿಂದ ನಮ್ಮ ಪೆಟ್ಟಿಗೆಗೂ ಒಂದು ಶರತ್ತು ಬಂತು: ಬಾವಲಿಯನ್ನು ಮನೆಯಲ್ಲಿ, ಹಾಸ್ಟೆಲಿನಲ್ಲಿ ಇಟ್ಟುಕೊಂಡು ಸಾಕೋ ಹಾಗಿಲ್ಲ. ಕಾಡುಪ್ರಾಣಿ ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಅರಣ್ಯ ಅಧಿಕಾರಿಗೋ ಪೊಲೀಸ್ ಠಾಣೆಗೋ ತಿಳಿಸಬೇಕು ಅಂತ ಕಾಯ್ದೆ ಹೇಳತ್ತೆ. 48 ಗಂಟೆ ಯಾಕೆ ಕಾಯಬೇಕು? ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಮೊದಲೇ ಫೋನ್ ಮಾಡಿ. ಹಾಗಾಗಿ ಪೆಟ್ಟಿಗೆಯ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಬರೆದ ಈ ನಂಬರೇ ನಮ್ಮ ಮೊದಲ ಸಾಮಾನು. ಅವರು ಬರೋ ತನಕ, ಅಥವಾ ಅವರು ಹೇಳಿದ ಕಡೆ ತಲುಪಿಸೋ ತನಕ ಮಾತ್ರ ಬಾವಲಿ ನಮ್ಮ ಹತ್ತಿರ.

ಮೊದಲು ನಮ್ಮ ಕೈ

ಬಾವಲಿ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ನಿಫಾ. 2018ರಲ್ಲಿ ಕೇರಳದ ಕೋಳಿಕ್ಕೋಡ್ ಕಡೆ 17 ಜನ ತೀರಿಕೊಂಡಾಗ ನಮ್ಮ ಊರುಗಳಲ್ಲೂ ಹಣ್ಣು ತಿನ್ನೋಕೆ ಹೆದರಿದ್ದರು. ಆ ವೈರಸ್ಸಿನ ಸಹಜ ನೆಲೆ ದೊಡ್ಡ ಹಣ್ಣು ಬಾವಲಿಗಳೇ ಅನ್ನೋದು ನಿಜ. ಮರದ ಮೇಲೆ ತನ್ನ ಪಾಡಿಗೆ ತೂಗುತ್ತಿರೋ ಬಾವಲಿಯಿಂದ ಕೆಳಗೆ ನಡೆದು ಹೋಗೋರಿಗೆ ರೋಗ ಬರಲ್ಲ ಅನ್ನೋದೂ ನಿಜ. ಎಂಜಲು, ಮೂತ್ರ, ಕಚ್ಚಿದ ಹಣ್ಣು, ಇವುಗಳ ಸಂಪರ್ಕ ಅಪಾಯ. ಗಾಯಗೊಂಡ ಬಾವಲಿಯನ್ನು ಎತ್ತೋ ಕೆಲಸದಲ್ಲಿ ಇದೇ ಸಂಪರ್ಕ ಆಗೋದು. ಅದರ ಜೊತೆ ರೇಬೀಸ್ ಜಾತಿಯ ವೈರಸ್‌ಗಳ ಪ್ರಶ್ನೆ. ಆಸ್ಟ್ರೇಲಿಯದಲ್ಲಿ 1996ರಿಂದ ಈಚೆಗೆ ಬಾವಲಿಯ ಲಿಸ್ಸಾವೈರಸ್ಸಿನಿಂದ ಕೆಲವರು ಸತ್ತಿದ್ದಾರೆ. ಅದಕ್ಕೇ ಅಲ್ಲಿ ಮುಂಚಿತವಾಗಿ ರೇಬೀಸ್ ಲಸಿಕೆ ತೆಗೆದುಕೊಂಡವರು ಮಾತ್ರ ಬಾವಲಿ ಮುಟ್ಟಬೇಕು ಅನ್ನೋ ಪದ್ಧತಿ. ನಮ್ಮಲ್ಲೂ ಅದನ್ನೇ ಪಾಲಿಸೋದು ಒಳ್ಳೇದು. ಲಸಿಕೆ ಇಲ್ಲದವರಿಗೆ ಕೆಲಸ ಇಲ್ಲ ಅಂತಲ್ಲ. ಜನರನ್ನು ದೂರ ಇಡೋದು, ನಾಯಿ ಓಡಿಸೋದು, ಫೋನ್ ಮಾಡೋದು, ಗಾಡಿ ಹೊಂದಿಸೋದು, ಇವು ಮುಟ್ಟದೆ ಮಾಡೋ ಕೆಲಸಗಳೇ. ಹೇಗಿದ್ದರೂ ಗುಂಪಿನಲ್ಲಿ ಮುಟ್ಟಬೇಕಾದವರು ಒಬ್ಬರೇ.

ಆ ಒಬ್ಬರಿಗೆ ಬೇಕಾದ್ದು: ಒಳಗೆ ಲ್ಯಾಬಿನಲ್ಲಿ ಹಾಕೋ ನೈಟ್ರೈಲ್ ಗ್ಲೌಸ್, ಮೇಲೆ ಚರ್ಮದ ಗ್ಲೌಸ್. ದೊಡ್ಡ ಬಾವಲಿಗೆ ನಮ್ಮ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡೋವಾಗ ಹಾಕೋ ಉದ್ದ ತೋಳಿನ ಗ್ಲೌಸ್ ಸರಿಹೋಗತ್ತೆ. 5 ಗ್ರಾಂನ ಬಾವಲಿಗೆ ಅದು ಬೇಡವೇ ಬೇಡ. ಅಷ್ಟು ದಪ್ಪ ಗ್ಲೌಸಿನಲ್ಲಿ ಬೆರಳಿಗೆ ಏನೂ ಗೊತ್ತಾಗಲ್ಲ, ಪ್ರಾಣಿ ನುಚ್ಚಾಗತ್ತೆ. ತೋಟದ ಕೆಲಸದ ತೆಳು ಗ್ಲೌಸ್ ಸಾಕು. ಎನ್95 ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ. ಮತ್ತೆ ಒಂದು ಸೋಪು, ಎರಡು ಲೀಟರ್ ನೀರಿನ ಬಾಟಲಿ. ಕಚ್ಚಿದರೆ, ಪರಚಿದರೆ, ಅದರ ಎಂಜಲು ಕಣ್ಣಿಗೋ ಬಾಯಿಗೋ ಬಿದ್ದರೆ ಆಗ ಇದೇ ಎಲ್ಲಕ್ಕಿಂತ ದೊಡ್ಡ ಸಾಮಾನು. ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ, ಗಡಿಯಾರ ನೋಡಿಕೊಂಡು ತೊಳೆಯಬೇಕು. ಕಣ್ಣಾದರೆ ಬರೀ ನೀರು. ಅವತ್ತೇ ಆಸ್ಪತ್ರೆಗೆ ಹೋಗಿ ಬಾವಲಿ ಕಚ್ಚಿದೆ ಅಂತ ಸ್ಪಷ್ಟವಾಗಿ ಹೇಳಿ. ಸಣ್ಣ ಬಾವಲಿಯ ಹಲ್ಲಿನ ಗುರುತು ಕಣ್ಣಿಗೇ ಕಾಣದಷ್ಟು ಸಣ್ಣದಿರಬಹುದು. ಕಾಣಲಿಲ್ಲ ಅಂತ ಸುಮ್ಮನಾಗಬೇಡಿ.

ಬಲೆ, ಮುಳ್ಳುತಂತಿ, ಮಾಂಜಾ

ಪೆಟ್ಟಿಗೆಯಲ್ಲಿ ಕತ್ತರಿಸೋ ಸಾಮಾನು ಎರಡು ಇರಬೇಕು. ಮೂತಿ ಮೊಂಡಾದ ಸಣ್ಣ ಕತ್ತರಿ (ಬ್ಯಾಂಡೇಜ್ ಕತ್ತರಿಸೋ ಥರದ್ದು) ಮತ್ತು ವೈರ್ ಕಟರ್. ಎರಡರ ಕೆಲಸವೂ ಒಂದೇ. ಬಾವಲಿಯಿಂದ ಬಲೆ ಬಿಡಿಸೋದು ನಮ್ಮ ಕೆಲಸ ಅಲ್ಲ, ಬಲೆಯನ್ನು ತೋಟದಿಂದ ಬಿಡಿಸೋದು ನಮ್ಮ ಕೆಲಸ.

ಇದು ಮೊದಲ ಸಲ ಓದಿದಾಗ ನಮಗೂ ವಿಚಿತ್ರ ಅನ್ನಿಸಿತ್ತು. ದಾರ ಬಿಡಿಸಿ ಹಾರಿಬಿಟ್ಟರೆ ಮುಗೀತಲ್ಲ? ಮುಗಿಯಲ್ಲ. ನೈಲಾನ್ ದಾರ ಗಂಟೆಗಟ್ಟಲೆ ಬಿಗಿದಿದ್ದ ಕಡೆ ರಕ್ತ ಓಡಿರಲ್ಲ. ಬಿಡಿಸಿದ ದಿನ ರೆಕ್ಕೆ ಚೆನ್ನಾಗೇ ಕಾಣತ್ತೆ, ಕೆಲವು ದಿನ ಆದಮೇಲೆ ಆ ಭಾಗ ಸತ್ತು ಹರಿದು ಬೀಳತ್ತೆ. ಅಷ್ಟು ಹೊತ್ತಿಗೆ ಬಾವಲಿ ಎಲ್ಲೋ ಕಾಡಿನಲ್ಲಿ ಹಾರಲಾರದೆ ಹಸಿದಿರತ್ತೆ. ಅದಕ್ಕೇ ಬಲೆಯಲ್ಲಿ ಸಿಕ್ಕ ಬಾವಲಿಯನ್ನು ಡಾಕ್ಟರು ಕೆಲವು ದಿನ ಇಟ್ಟುಕೊಂಡು ನೋಡೋದು. ನಾವು ಮಾಡಬೇಕಾದ್ದು ಇಷ್ಟು: ಮೇಲೆ ಬಟ್ಟೆ ಹಾಕಿ ಕತ್ತಲು ಮಾಡಿ, ಪ್ರಾಣಿಯ ಸುತ್ತ ಒಂದು ಗೇಣು ಬಿಟ್ಟು ಬಲೆ ಕತ್ತರಿಸಿ, ಬಲೆ ಸಮೇತ ಪೆಟ್ಟಿಗೆಗೆ. ಕುತ್ತಿಗೆಗೆ ದಾರ ಬಿಗಿದು ಉಸಿರು ಕಟ್ಟುತ್ತಿದ್ದರೆ ಮಾತ್ರ ಅಲ್ಲೇ ಕತ್ತರಿಸಬೇಕು.

ಮುಳ್ಳುತಂತಿಗೂ ಇದೇ ಕ್ರಮ. ರಾತ್ರಿ ತಗ್ಗಿನಲ್ಲಿ ಹಾರೋವಾಗ ಬೇಲಿಯ ಎಲ್ಲಕ್ಕಿಂತ ಮೇಲಿನ ಎಳೆಗೆ ರೆಕ್ಕೆಯ ಪೊರೆ ಸಿಕ್ಕಿಕೊಳ್ಳತ್ತೆ. ಬಿಡಿಸಿಕೊಳ್ಳೋಕೆ ತಿರುಗಿದಷ್ಟೂ ಸುತ್ತಿಕೊಳ್ಳತ್ತೆ. ಎಳೆಯಬೇಡಿ. ಪೊರೆಯಲ್ಲಿ ತೂತಾದರೆ ವಾರಗಳಲ್ಲಿ ಮತ್ತೆ ಕೂಡತ್ತೆ, ಆದರೆ ಎಳೆದು ಮೂಳೆ ಮುರಿದರೆ ಕಥೆ ಬೇರೆ. ಬಾವಲಿಯ ರೆಕ್ಕೆ ಅಂದರೆ ಕೈ. ನಮ್ಮ ಬೆರಳಿನ ಮೂಳೆಗಳನ್ನೇ ಎಳೆದು ಉದ್ದ ಮಾಡಿ ಅವುಗಳ ನಡುವೆ ಚರ್ಮ ಹೊದಿಸಿದ ಹಾಗೆ. ಹೊಲದವರನ್ನು ಕೇಳಿ, ಪ್ರಾಣಿಯ ಎರಡೂ ಬದಿಯಲ್ಲಿ ತಂತಿ ಕತ್ತರಿಸಿ, ಆ ತುಂಡಿನ ಜೊತೆಗೇ ಒಯ್ಯಬೇಕು. ಬಿಗಿಯಾಗಿ ಎಳೆದ ತಂತಿ ಕತ್ತರಿಸಿದ ಕ್ಷಣ ಚಿಮ್ಮತ್ತೆ ಅಂತ ಮೆಕ್ಯಾನಿಕಲ್‌ನವರಿಗೆ ಹೇಳಬೇಕಿಲ್ಲ. ಕತ್ತರಿಸೋ ಜಾಗದ ಎರಡೂ ಕಡೆ ಪ್ಲೈಯರ್‌ನಲ್ಲಿ ಯಾರಾದರೂ ಹಿಡಿದಿರಲಿ. ಸೋಲಾರ್ ಬೇಲಿ ಆಗಿದ್ದರೆ ಮೊದಲು ಅದರ ಮೆಷಿನ್ ಆಫ್.

ಆಷಾಢದ ಗಾಳಿಪಟದ ಕಾಲದಲ್ಲಿ ಮರದಲ್ಲಿ ಉಳಿದ ಮಾಂಜಾ ದಾರಕ್ಕೂ ಬಾವಲಿ ಸಿಗತ್ತೆ. ಗಾಜು ಲೇಪಿಸಿದ ನೈಲಾನ್ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಮರದಲ್ಲಿ ಇರೋ ದಾರಕ್ಕೆ ಅದು ಗೊತ್ತಿಲ್ಲ.

ಬಲೆಯ ವಿಷಯದಲ್ಲಿ ಇನ್ನೊಂದು ಮಾತು. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ 2021ರ ಸೆಪ್ಟೆಂಬರಿನಿಂದ ಮನೆಯ ಹಣ್ಣಿನ ಗಿಡಕ್ಕೆ ಹಾಕೋ ಬಲೆಯ ಕಣ್ಣು, ಪೂರ್ತಿ ಎಳೆದಾಗಲೂ, 5 ಮಿಲಿಮೀಟರ್‌ಗಿಂತ ದೊಡ್ಡದಿರೋ ಹಾಗಿಲ್ಲ. ಪರೀಕ್ಷೆ ಸುಲಭ: ಬೆರಳು ತೂರಿದರೆ ಆ ಬಲೆ ಅಪಾಯ. ಮನೆ ಹಿತ್ತಲಿನ ಸೀಬೆ, ಸಪೋಟ ಗಿಡಕ್ಕೆ ಬಲೆ ಕೊಳ್ಳುವಾಗ ಅಂಗಡಿಯಲ್ಲೇ ಬೆರಳು ಹಾಕಿ ನೋಡಬಹುದು. ಸಣ್ಣ ಕಣ್ಣಿನ ಬಲೆ ಹಣ್ಣನ್ನೂ ಹಾಗೇ ಕಾಯತ್ತೆ.

ಕರೆಂಟ್ ತಂತಿ: ಇಲ್ಲಿ ಸಾಮಾನು ಬೇಡ

ಇಇಇ ಓದೋರಿಗೆ ಒಂದು ಪ್ರಶ್ನೆ. ಒಂದೇ ತಂತಿ ಮೇಲೆ ಕೂತ ಗುಬ್ಬಿಗೆ ಏನೂ ಆಗಲ್ಲ, ಬಾವಲಿ ಯಾಕೆ ಸುಟ್ಟು ಸಾಯತ್ತೆ? ಹಳ್ಳಿಯ ಮೇಲೆ ಹೋಗೋ 11 ಕೆವಿ ಲೈನಿನಲ್ಲಿ ಎರಡು ಫೇಸ್‌ಗಳ ಅಂತರ ಸುಮಾರು ಒಂದು ಮೀಟರ್. ದೊಡ್ಡ ಬಾವಲಿಯ ರೆಕ್ಕೆ ಅದಕ್ಕಿಂತ ಅಗಲ. ಇಳಿಯೋವಾಗಲೋ ಹಾರೋವಾಗಲೋ ಎರಡು ತಂತಿ ಒಟ್ಟಿಗೆ ಮುಟ್ಟಿದರೆ ಸರ್ಕ್ಯೂಟ್ ಪೂರ್ತಿ. ಆಮೇಲೆ ಅದು ತಂತಿಯಲ್ಲೇ ತೂಗುತ್ತಾ ಉಳಿಯತ್ತೆ.

ಫೆಬ್ರವರಿಯಿಂದ ಮೇ ತನಕ ಈ ಬಾವಲಿಗಳು ಮರಿ ಹಾಕೋ ಕಾಲ. ವರ್ಷಕ್ಕೆ ಒಂದೇ ಮರಿ, ಮೊದಲ ಕೆಲವು ವಾರ ತಾಯಿ ಅದನ್ನು ಎದೆಗೆ ಕಚ್ಚಿಸಿಕೊಂಡೇ ಹಾರತ್ತೆ. ಹಾಗಾಗಿ ಸತ್ತ ತಾಯಿಯ ರೆಕ್ಕೆಯೊಳಗೆ ಮರಿ ಜೀವಂತ ಇರಬಹುದು. ಕೆಳಗೆ ನಿಂತು ನೋಡಿದರೆ ಸಣ್ಣದಾಗಿ ಅಲುಗಾಡೋದು ಕಾಣತ್ತೆ, ಕೀಚಲು ದನಿ ಕೇಳತ್ತೆ. ಆಗ ಬಿದಿರು ಗಳು ತರೋಣ, ದೋಟಿ ತರೋಣ ಅಂತ ಅನ್ನಿಸೋದು ಸಹಜ. ದಯವಿಟ್ಟು ಬೇಡ. ಹಸಿ ಬಿದಿರಿನಲ್ಲಿ ಕರೆಂಟು ಹರಿಯತ್ತೆ, ಅಲ್ಯೂಮಿನಿಯಂ ದೋಟಿಯಲ್ಲಂತೂ ಕೇಳೋದೇ ಬೇಡ. ಅಡಿಕೆ ಕೊಯ್ಯೋವಾಗ ದೋಟಿ ತಂತಿಗೆ ತಗುಲಿ ಜೀವ ಹೋದ ಸುದ್ದಿ ನಮ್ಮ ಕಡೆಯವರಿಗೆ ಹೊಸದೇನಲ್ಲ. ಇಲ್ಲಿ ಇರೋದು ಒಂದೇ ಸಾಧನ, 1912. ಚಿಕ್ಕಮಗಳೂರು ಜಿಲ್ಲೆ ಮೆಸ್ಕಾಂ ವ್ಯಾಪ್ತಿ. ಲೈನ್‌ಮ್ಯಾನ್ ಬಂದು ಲೈನ್ ಆಫ್ ಮಾಡಿ, ಅರ್ಥಿಂಗ್ ಮಾಡಿ ಇಳಿಸಿಕೊಡಬೇಕು. ಕಂಬದ ಮೇಲಿನ ನಂಬರ್ ಓದಿ ಹೇಳಿದರೆ ಅವರಿಗೆ ಜಾಗ ಹುಡುಕೋದು ಬೇಗ ಆಗತ್ತೆ.

ಇಳಿಸಿದ ಮೇಲೆ ಮರಿಯನ್ನು ತಾಯಿಯಿಂದ ಕೀಳಬೇಡಿ. ಬಾವಲಿ ಮರಿಯ ಹಾಲುಹಲ್ಲು ಕೊಕ್ಕೆ ಹಾಗೆ ಬಾಗಿರತ್ತೆ, ಹಾರೋ ತಾಯಿಯ ಮೊಲೆ ಬಿಟ್ಟು ಬೀಳದೆ ಇರಲಿ ಅಂತ. ಎಳೆದರೆ ಅದರ ಬಾಯಿಗೇ ಗಾಯ. ತಾಯಿ ಸತ್ತಿದ್ದರೂ ಎರಡನ್ನೂ ಒಟ್ಟಿಗೆ ಬಟ್ಟೆಯಲ್ಲಿ ಸುತ್ತಿ ಒಯ್ಯಬಹುದು. ಬಿಡಿಸೋದನ್ನು ಗೊತ್ತಿದ್ದವರು ಮಾಡುತ್ತಾರೆ.

ಪೆಟ್ಟಿಗೆ

ಈಗ ಮುಖ್ಯವಾದದ್ದು. ದೊಡ್ಡ ಬಾವಲಿಗೆ ಎತ್ತರ ಅರ್ಧ ಮೀಟರ್ ಇರೋ ರಟ್ಟಿನ ಪೆಟ್ಟಿಗೆ, ಸಣ್ಣವಕ್ಕೆ ಶೂ ಡಬ್ಬ. ಹಕ್ಕಿ ಪಂಜರ ಬೇಡ. ಸರಳುಗಳ ನಡುವೆ ರೆಕ್ಕೆ ಹೊರಗೆ ಹಾಕಿ ಮುರಿದುಕೊಳ್ಳತ್ತೆ, ಜೊತೆಗೆ ಬೆಳಕು, ಸುತ್ತ ಕಾಣೋ ಜನ. ರಟ್ಟಿನ ಗುಣ ಏನೆಂದರೆ ಕತ್ತಲು, ಉಸಿರಾಟ, ಉಗುರಿಗೆ ಹಿಡಿತ, ಮತ್ತೆ ಒಮ್ಮೆ ಬಳಸಿ ಬಿಸಾಡಬಹುದು. ಗಾಳಿಗೆ ತೂತುಗಳನ್ನು ಪೆನ್ಸಿಲ್‌ಗಿಂತ ದಪ್ಪ ಮಾಡಬೇಡಿ. ಸಣ್ಣ ಬಾವಲಿ ಹೆಬ್ಬೆರಳು ತೂರೋ ಸಂದಿಯಲ್ಲಿ ಆರಾಮಾಗಿ ಆಚೆ ಬರತ್ತೆ, ಆಮೇಲೆ ಅದನ್ನು ಬಸ್ಸಿನಲ್ಲಿ ಹುಡುಕಬೇಕು. ಮುಚ್ಚಳಕ್ಕೆ ಟೇಪ್ ಹಾಕೋವಾಗ ಅಂಟಿನ ಮುಖ ಒಳಗೆ ಎಲ್ಲೂ ಕಾಣಬಾರದು.

ಒಳಗೆ ಒಂದು ಗೋಡೆಗೆ ಮೇಲಿಂದ ಕೆಳಗೆ ಬಟ್ಟೆ ಇಳಿಬಿಡಬೇಕು, ಮೇಲ್ತುದಿ ಮುಚ್ಚಳದ ಅಂಚಿಗೆ ಬಿಗಿಯಾಗಿ ಸಿಕ್ಕಿಸಿ. ನೆಲದಲ್ಲಿ ಬಿದ್ದ ಬಾವಲಿಯ ಗಾಬರಿ ಅರ್ಧ ಇಳಿಯೋದು ಕಾಲಿಗೆ ಹಿಡಿದುಕೊಳ್ಳೋಕೆ ಏನಾದರೂ ಸಿಕ್ಕಾಗ. ತೂಗೋಕೆ ಆಗದಷ್ಟು ಸೋತಿದ್ದರೆ ಅದೇ ಬಟ್ಟೆಯ ಮಡಿಕೆಯಲ್ಲಿ ಮಲಗತ್ತೆ. ಎತ್ತೋವಾಗಲೂ ಇನ್ನೊಂದು ಬಟ್ಟೆಯನ್ನು ಹಿಂದಿನಿಂದ ಮೇಲೆ ಹಾಕಿ, ರೆಕ್ಕೆ ತಾನಾಗಿ ಮಡಿಚಿಕೊಳ್ಳೋಕೆ ಬಿಟ್ಟು, ಪೂರ್ತಿ ಪೊಟ್ಟಣವಾಗಿ ಎತ್ತಬೇಕು. ಬಲವಂತವಾಗಿ ರೆಕ್ಕೆ ಮಡಿಚಬಾರದು.

ಇನ್ನು ಬಿಸಿ. ಮರಿಗೂ, ಆಘಾತದಲ್ಲಿರೋ ದೊಡ್ಡದಕ್ಕೂ ಮೈ ಬಿಸಿ ಉಳಿಸಿಕೊಳ್ಳೋಕೆ ಆಗಲ್ಲ. ಹುಳ ತಿನ್ನುವ ಸಣ್ಣ ಬಾವಲಿಗಳಂತೂ ಚಳಿಯಲ್ಲಿ ಮೈ ತಣ್ಣಗೆ ಮಾಡಿಕೊಂಡು ಸತ್ತ ಹಾಗೇ ಇರುತ್ತವೆ. ಸತ್ತಿದೆ ಅಂತ ಬಿಸಾಡೋ ಮುಂಚೆ ಅರ್ಧ ಗಂಟೆ ಬೆಚ್ಚಗಿಟ್ಟು ನೋಡಬೇಕು. ಬಲ್ಬ್ ಹಾಕಬೇಡಿ, ಬೆಳಕು ತೊಂದರೆ, ಬೆಂಕಿಯ ಭಯ ಬೇರೆ. ಅರ್ಧ ಲೀಟರಿನ ಬಾಟಲಿಗೆ ಬಿಸಿನೀರು ತುಂಬಿ, ಎರಡು ಸುತ್ತು ಬಟ್ಟೆ ಸುತ್ತಿ, ಪೆಟ್ಟಿಗೆಯ ಒಂದು ಮೂಲೆಯಲ್ಲಿ ಮಾತ್ರ ಇಡಿ. ಬಿಸಿ ಜಾಸ್ತಿ ಅನ್ನಿಸಿದರೆ ಪ್ರಾಣಿ ಇನ್ನೊಂದು ಮೂಲೆಗೆ ಸರಿಯೋ ಹಾಗಿರಬೇಕು.

ಇಷ್ಟು ಸಾಕಾಗತ್ತಾ ಅಂತ ನಾವು ಲೆಕ್ಕ ಹಾಕಿ ನೋಡಿದೆವು, ಪಾಸಾದ ಮೇಲೆ ಮೊದಲ ಸಲ ಹೈಸ್ಕೂಲಿನ ಫಿಸಿಕ್ಸ್ ಕೆಲಸಕ್ಕೆ ಬಂತು. ಅರ್ಧ ಕಿಲೋ ನೀರು 45 ಡಿಗ್ರಿಯಿಂದ 35ಕ್ಕೆ ಇಳಿಯೋ ಹೊತ್ತಿಗೆ 0.5 × 4.2 × 10, ಅಂದರೆ 21 ಕಿಲೋಜೌಲ್ ಶಾಖ ಬಿಡತ್ತೆ. ಅದು 5.8 ವಾಟ್-ಅವರ್. ಕಡೂರಿನಿಂದ ಶಿವಮೊಗ್ಗಕ್ಕೆ ಒಂದೂವರೆ ಗಂಟೆ ಅಂದುಕೊಂಡರೆ ದಾರಿ ಪೂರ್ತಿ ಸರಾಸರಿ ಸುಮಾರು 4 ವಾಟ್‌ನ ಹೀಟರ್ ಇದ್ದ ಹಾಗಾಯಿತು. ಬರೀ ರಟ್ಟಿನ ಪೆಟ್ಟಿಗೆಯಿಂದ ಈ ಶಾಖ ಬೇಗ ಸೋರಿಹೋಗತ್ತೆ. ಅದೇ ರಟ್ಟಿನ ಪೆಟ್ಟಿಗೆಯನ್ನು ಮೀನಿನ ಅಂಗಡಿಯಲ್ಲಿ ಸಿಗೋ ಥರ್ಮೋಕೋಲ್ ಡಬ್ಬದೊಳಗೆ ಇಟ್ಟು, ಮುಚ್ಚಳದಲ್ಲಿ ಗಾಳಿಗೆ ತೂತು ಬಿಟ್ಟರೆ ಶಾಖ ಅಷ್ಟು ಬೇಗ ಸೋರಿಹೋಗಲ್ಲ. ಥರ್ಮೋಕೋಲ್ ಬಾವಲಿಗೆ ನೇರ ಸಿಗಬಾರದು, ಕಚ್ಚಿ ಪುಡಿ ಮಾಡತ್ತೆ. ಅಂಗೈಯಲ್ಲಿ ಬಾಟಲಿ ಸುಡೋ ಹಾಗಿದ್ದರೆ ಬಾವಲಿಗೂ ಸುಡತ್ತೆ. ಒಳಗೆ ಹತ್ತಿಪ್ಪತ್ತು ಸೆಂಟಿಮೀಟರ್ ದೂರದಲ್ಲಿ ಒಂದು ಅಗ್ಗದ ಡಿಜಿಟಲ್ ಥರ್ಮಾಮೀಟರಿನ ವೈರು ಇಳಿಬಿಟ್ಟರೆ ಮುಚ್ಚಳ ತೆಗೆಯದೆ ನೋಡಬಹುದು. ಕೂದಲು ಸರಿಯಾಗಿ ಬಾರದ ಮರಿಗೆ 30 ಡಿಗ್ರಿ ಆಸುಪಾಸು ಗುರಿ.

ಇಷ್ಟು ಹೇಳಿದ ಮೇಲೆ ಇಸಿಇ ಗೆಳೆಯರು ಕೇಳಿಯೇ ಕೇಳುತ್ತಾರೆ: ಥರ್ಮೋಸ್ಟಾಟ್ ಮಾಡ್ಯೂಲ್, ರಿಲೇ, 12 ವೋಲ್ಟ್ ಹೀಟರ್ ಹಾಕಿ ಆಟೋಮ್ಯಾಟಿಕ್ ಮಾಡಬಹುದಲ್ವಾ? ಮಾಡಬಹುದು, ಮಿನಿ ಪ್ರಾಜೆಕ್ಟಿಗೆ ಚೆನ್ನಾಗಿದೆ. ಆದರೆ ಅಗ್ಗದ ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡುಬಿಟ್ಟರೆ ಹೀಟರ್ ಆಫೇ ಆಗಲ್ಲ, ಒಳಗಿರೋ ಪ್ರಾಣಿ ಬೆಂದುಹೋಗತ್ತೆ. ಸೆನ್ಸರ್ ಕಳಚಿ ಬಿದ್ದರೂ ಅದೇ ಗತಿ. ಹೀಟರಿನ ಸರಣಿಯಲ್ಲಿ ತಾನಾಗಿ ಕಡಿದುಕೊಳ್ಳೋ ಥರ್ಮಲ್ ಕಟ್‌ಆಫ್ ಒಂದಿಲ್ಲದೆ ಜೀವ ಇರೋ ಪ್ರಾಣಿಯನ್ನು ಅದರೊಳಗೆ ಇಡಬೇಡಿ. ಬಿಸಿನೀರಿನ ಬಾಟಲಿ ಕೆಟ್ಟರೆ ತಣ್ಣಗಾಗತ್ತೆ ಅಷ್ಟೇ. ನಮ್ಮ ಓಟು ಬಾಟಲಿಗೆ.

ತಬ್ಬಲಿ ಮರಿಗೆ

ತಾಯಿ ಇಲ್ಲದ ದೊಡ್ಡ ಬಾವಲಿ ಮರಿಗೆ ಮೊದಲು ಬೇಕಾದ್ದು ಅಪ್ಪಿಕೊಳ್ಳೋಕೆ ಒಂದು ಮೈ. ಹಳೇ ಕಾಲುಚೀಲಕ್ಕೆ ಬಟ್ಟೆ ತುರುಕಿ ಮೃದುವಾದ ಸುರುಳಿ ಮಾಡಿ, ಮರಿಯನ್ನು ಅದರ ಮೇಲೆ ಹೊಟ್ಟೆ ಕೆಳಗಾಗಿ ಮಲಗಿಸಿ, ಹೊರಗಿಂದ ತೆಳು ಬಟ್ಟೆ ಸುತ್ತಬೇಕು. ಆಸ್ಟ್ರೇಲಿಯದಲ್ಲಿ ತಬ್ಬಲಿ ಮರಿಗಳನ್ನು ಸಾಕೋರು ಇದನ್ನೇ ಮಾಡೋದು. ಕ್ವೀನ್ಸ್‌ಲ್ಯಾಂಡಿನ ಟೋಲ್ಗಾ ಬಾವಲಿ ಆಸ್ಪತ್ರೆಗೆ ಉಣ್ಣೆ ಕಡಿದು ಲಕ್ವ ಹೊಡೆದು ಸತ್ತ ತಾಯಂದಿರ ಮರಿಗಳು ವರ್ಷ ವರ್ಷ ಬರುತ್ತವೆ. ಅಲ್ಲಿಯ ಫೋಟೋಗಳಲ್ಲಿ ಸಾಲಾಗಿ ಬಟ್ಟೆ ಸುತ್ತಿಸಿಕೊಂಡು ಬಾಯಲ್ಲಿ ನಿಪ್ಪಲ್ ಚೀಪುತ್ತಾ ಮಲಗಿರೋ ಮರಿಗಳನ್ನು ನೀವೂ ನೋಡಿರಬಹುದು. ಆ ನಿಪ್ಪಲ್ ಚೆಂದಕ್ಕೆ ಇಟ್ಟದ್ದಲ್ಲ. ಕಚ್ಚಿಕೊಳ್ಳೋಕೆ ಏನೂ ಇಲ್ಲದ ಮರಿ ಒದ್ದಾಡತ್ತೆ.

ಪೆಟ್ಟಿಗೆಯಲ್ಲಿ ಸೂಜಿ ತೆಗೆದ 1 ಮಿಲಿಲೀಟರ್ ಸಿರಿಂಜ್ ಇರಲಿ, ಆದರೆ ಅದನ್ನು ಫೋನಿನಲ್ಲಿ ಡಾಕ್ಟರು ಹೇಳಿದ ಮೇಲೇ ತೆಗೀಬೇಕು. ತಣ್ಣಗಿರೋ ಮರಿಗೆ ಏನನ್ನೂ ಕುಡಿಸಬಾರದು, ಮೊದಲು ಮೈ ಬೆಚ್ಚಗಾಗಬೇಕು. ಬಾಯಿಗೆ ಸುರಿದ ಹಾಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯ ಆಗೋದು ಕೈಯಲ್ಲಿ ಸಾಕಿದ ಮರಿಗಳಲ್ಲಿ ಸಾಮಾನ್ಯ. ಕೆಲವು ಗಂಟೆಯ ದಾರಿಗೆ ಹಾಲಿಗಿಂತ ಬಿಸಿ ಮುಖ್ಯ. ಪೂರ್ತಿ ಎಚ್ಚರ ಇರೋ ದೊಡ್ಡ ಹಣ್ಣು ಬಾವಲಿಗೆ ಮಾತ್ರ, ದಾರಿ ಉದ್ದ ಇದ್ದರೆ, ಪೆಟ್ಟಿಗೆಯಲ್ಲಿ ಒಂದು ತುಂಡು ಮಾಗಿದ ಬಾಳೆಹಣ್ಣು ಇಡಬಹುದು.

ಅಡುಗೆಮನೆಯ ಡಿಜಿಟಲ್ ತಕ್ಕಡಿಯೂ ಬೇಕು. ಬಟ್ಟೆ ಸಮೇತ ತೂಗಿ, ಆಮೇಲೆ ಬಟ್ಟೆ ತೂಕ ಕಳೆಯಿರಿ. ಫೋನಿನಲ್ಲಿ ಡಾಕ್ಟರು ಮೊದಲು ಕೇಳೋದು ತೂಕ, ಔಷಧಿಯ ಪ್ರಮಾಣ ಅದರ ಮೇಲೆ. ಜೊತೆಗೆ ಒಂದು ಚೀಟಿ: ಎಲ್ಲಿ ಸಿಕ್ಕಿತು, ಎಷ್ಟು ಗಂಟೆಗೆ, ಬಲೆಯೋ ತಂತಿಯೋ ನಾಯಿಯೋ, ಏನಾದರೂ ತಿನ್ನಿಸಿದಿರಾ, ಯಾರಿಗಾದರೂ ಕಚ್ಚಿತಾ. ವಾಸಿಯಾದ ಮೇಲೆ ಅದನ್ನು ಅದರ ಗುಂಪು ಇರೋ ಮರದ ಹತ್ತಿರವೇ ಬಿಡಬೇಕು, ಆದ್ದರಿಂದ ಜಾಗವನ್ನು ಸರಿಯಾಗಿ ಬರೆಯಿರಿ. "ಕಡೂರು ಹತ್ತಿರ" ಅಂದರೆ ಸಾಲದು.

ಬೇಸಿಗೆಯಲ್ಲಿ ಬೇರೆ ಪೆಟ್ಟಿಗೆ

ಏಪ್ರಿಲ್, ಮೇನಲ್ಲಿ ಬಯಲುಸೀಮೆ ಕಡೆ ಬಾಟಲಿಯ ಕಥೆ ಉಲ್ಟಾ. ಉಷ್ಣಾಂಶ 42 ಡಿಗ್ರಿ ಮುಟ್ಟಿದರೆ ದೊಡ್ಡ ಬಾವಲಿಗಳು ಮರದಿಂದ ಉದುರೋಕೆ ಶುರು. ಅದಕ್ಕೂ ಮುಂಚೆ ರೆಕ್ಕೆ ಬೀಸಿಕೊಳ್ಳೋದು, ಮೈಗೆ ಎಂಜಲು ಹಚ್ಚಿಕೊಳ್ಳೋದು, ಕೆಳಗಿನ ಕೊಂಬೆಗೆ ಇಳಿಯೋದು ಕಾಣತ್ತೆ. 2020ರ ಮೇ ತಿಂಗಳಲ್ಲಿ ಉತ್ತರ ಪ್ರದೇಶದ ಗೋರಖ್‌ಪುರ ಹತ್ತಿರ ಬಾವಲಿಗಳು ಗುಂಪಾಗಿ ಸತ್ತು ಬಿದ್ದಾಗ ಜನ ಕೊರೋನಾ ಅಂತ ಹೆದರಿದ್ದರು. ಬರೇಲಿಯ ಪಶು ಸಂಶೋಧನಾ ಸಂಸ್ಥೆ ಪರೀಕ್ಷೆ ಮಾಡಿ ಬಿಸಿಲಿನ ಹೊಡೆತ ಅಂತ ಹೇಳಿತು.

ಈ ಕಾಲಕ್ಕೆ ಬೇಕಾದ್ದು ನೀರು ಸಿಂಪಡಿಸೋ ಸ್ಪ್ರೇಯರ್. ಮನೆಯಲ್ಲಿ ತೋಟಕ್ಕೆ ಔಷಧಿ ಹೊಡೆಯೋ ಸ್ಪ್ರೇಯರ್ ಇದ್ದೇ ಇರತ್ತೆ, ಅದನ್ನು ಮಾತ್ರ ತರಬೇಡಿ, ಎಷ್ಟು ತೊಳೆದರೂ. ಹೊಸದೇ ಬೇಕು. ನೆಲಕ್ಕೆ ಬಿದ್ದದ್ದನ್ನು ನೆರಳಿಗೆ ತಂದು ತಣ್ಣೀರನ್ನು ನವಿರಾಗಿ ಸಿಂಪಡಿಸಬೇಕು. ಐಸ್ ನೀರು ಬೇಡ, ಬಕೆಟ್ ಸುರಿಯೋದೂ ಬೇಡ. ಮರದಲ್ಲಿ ಇನ್ನೂ ತೂಗುತ್ತಿರೋ ಗುಂಪಿನ ಕೆಳಗೆ ಗಲಾಟೆ ಮಾಡಿದರೆ ಆ ಬಿಸಿಲಿನಲ್ಲಿ ಎಲ್ಲ ಒಟ್ಟಿಗೆ ಹಾರಿ ಇನ್ನಷ್ಟು ಸಾಯುತ್ತವೆ.

ರಾತ್ರಿ ರೂಮಿನೊಳಗೆ ಬಂದ ಸಣ್ಣ ಬಾವಲಿಗೆ ಈ ಯಾವುದೂ ಬೇಕಿಲ್ಲ. ಫ್ಯಾನ್ ನಿಲ್ಲಿಸಿ, ಲೈಟ್ ಆರಿಸಿ, ಕಿಟಕಿ ತೆಗೆದು ಆಚೆ ಬನ್ನಿ, ತಾನೇ ಹೋಗತ್ತೆ. ಗೋಡೆಯಲ್ಲಿ ಸುಮ್ಮನೆ ಕೂತುಬಿಟ್ಟಿದ್ದರೆ ಗ್ಲೌಸ್ ಹಾಕಿದ ಕೈಯಲ್ಲಿ ಪ್ಲಾಸ್ಟಿಕ್ ಡಬ್ಬ ಅದರ ಮೇಲೆ ಕವುಚಿ, ಹಿಂದಿನಿಂದ ಒಂದು ರಟ್ಟು ಜಾರಿಸಿ, ಕತ್ತಲಾದ ಮೇಲೆ ಹೊರಗೆ ಎದೆಮಟ್ಟಕ್ಕಿಂತ ಎತ್ತರದ ಮರದ ಕಾಂಡಕ್ಕೆ ಅಂಟಿಸಿದ ಹಾಗೆ ಬಿಡಬೇಕು. ನೆಲದಲ್ಲಿ ಬಿಟ್ಟರೆ ಅನೇಕ ಬಾವಲಿಗಳಿಗೆ ಮೇಲೇಳೋಕೆ ಆಗಲ್ಲ, ಹಾರೋಕೆ ಮೊದಲು ಸ್ವಲ್ಪ ಬೀಳಬೇಕು ಅವಕ್ಕೆ. ಸೊಳ್ಳೆ ಬ್ಯಾಟ್ ಹಿಡಿದು ಓಡಾಡೋ ರೂಮ್‌ಮೇಟ್‌ನನ್ನು ಮೊದಲು ಆಚೆ ಕಳಿಸಿ.

ಕೆಲಸ ಮುಗಿದ ಮೇಲೆ ರಟ್ಟಿನ ಪೆಟ್ಟಿಗೆ ಬಿಸಾಡಿ, ಬಟ್ಟೆಗಳನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ನೆನೆಸಿ ಬೇರೆಯಾಗಿ ಒಗೆಯಿರಿ.

ನಾವು ಇಂಥ ಮೂರು ಪೆಟ್ಟಿಗೆ ಕಟ್ಟುತ್ತಿದ್ದೇವೆ. ಸೆಮಿಸ್ಟರ್ ರಜೆಗೆ ಒಂದು ಕಡೂರಿಗೆ, ಒಂದು ತರೀಕೆರೆಗೆ, ಒಂದು ಅಜ್ಜಂಪುರಕ್ಕೆ ಹೋಗತ್ತೆ. ಕತ್ತರಿ, ತಕ್ಕಡಿ, ಗ್ಲೌಸ್ ಆಗಿದೆ. ಬಟ್ಟೆ ಬೇಕು. ಮನೆಗೆ ಹೋದವರು ಹಳೇ ಕಾಟನ್ ಪಂಚೆ, ಲುಂಗಿ, ಮೃದುವಾದ ಸೀರೆ ತುಂಡು ತಂದು ಕ್ಲಬ್ ರೂಮಿನ ಬೀರುವಿನಲ್ಲಿಡಿ. ಟರ್ಕಿ ಟವೆಲ್ ಬೇಡ, ಅದರ ನೂಲಿನ ಕುಣಿಕೆಗಳಿಗೆ ಬಾವಲಿಯ ಉಗುರು ಸಿಕ್ಕಿಕೊಳ್ಳತ್ತೆ.